ಎಂಟು ಬಂಡಿ ಮುರುಂ

ಜೂನ್ ಹನ್ನೆರಡು, ಗುರುವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಗಡಿಯಾಚೆಯ ಉದಗೀರ ಶಹರದ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಹವಾಲ್ದಾರ ಅಂಬಣ್ಣ ಪೆನ್ನು ಕೆಳಗಿಟ್ಟ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಮೋಟರ್ ಸೈಕಲ್ಲು, ಎಮ್ಮೆ, ಬೋರಿನ ಮೋಟಾರು, ಒಮ್ಮೆ ಬ್ಯಾಂಡಿನವರ ಡೋಲು ಕೂಡ ಕಳುವಾದ ದೂರು ಬರೆದಿದ್ದ. ತಗ್ಗು ಕಳುವಾದ ದೂರು ಮಾತ್ರ ಇದೇ ಮೊದಲು.

ದೂರು ತಂದವಳು ನಗರಪರಿಷತ್ತಿನ ಕಿರಿಯ ಇಂಜಿನಿಯರ್ ಸ್ವಪ್ನಾಲಿ. ಲಾತೂರಿನ ಹುಡುಗಿ, ಕನ್ನಡ ಬಾರದು, ಹೇಳಬೇಕಾದ್ದನ್ನೆಲ್ಲ ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು. ಗಚ್ಚಿನ ಬಾವಿ ಗಲ್ಲಿಯಲ್ಲಿ ಮಳೆನೀರಿನ ಗಟಾರದ ಹಳೇ ಪೈಪು ಕಿತ್ತು ಹೊಸ ದೊಡ್ಡ ಪೈಪು ಹಾಕುವ ಕೆಲಸ ನಡೆದಿತ್ತು. ಗಲ್ಲಿ ಇಕ್ಕಟ್ಟು, ಜೆಸಿಬಿ ಒಳಗೆ ಹೋಗುವುದಿಲ್ಲ, ಆಳುಗಳು ಪಿಕಾಸಿ ಹಿಡಿದೇ ಅಗೆಯಬೇಕು. ಮಂಗಳವಾರ, ಬುಧವಾರ ಆಳುಗಳು ಕಾರಹುಣ್ಣಿಮೆಗೆಂದು ಊರಿಗೆ ಹೋಗಿದ್ದರು. ಈ ಬೆಳಿಗ್ಗೆ ಬಂದು ನೋಡಿದರೆ ಮೂವತ್ತು ಅಡಿ ಉದ್ದ, ನಾಲ್ಕು ಅಡಿ ಆಳದ ತಗ್ಗು ಇದ್ದಲ್ಲಿ ಸಪಾಟು ನೆಲವಿತ್ತು. ಹೋದ ವಾರ ಅದೇ ಜಾಗದಲ್ಲಿ ಯಾರೋ ಎರಡು ಸಲ ಸುಣ್ಣದ ಗೆರೆ ಅಳಿಸಿ, ಗುರುತಿನ ಗೂಟ ಕಿತ್ತು ಹಾಕಿದ್ದರು.

ಪಕ್ಕದ ಮೇಜಿನ ಕಾನ್‌ಸ್ಟೇಬಲ್ ರವಿಕಾಂತ ನಕ್ಕ. “ತಗ್ಗು ಹೊತ್ಕೊಂಡು ಹೋದವರು ಎಲ್ಲಿ ಇಟ್ಟಾರಂತ?”

ಅಂಬಣ್ಣ ನಗಲಿಲ್ಲ. ಗಚ್ಚಿನ ಬಾವಿ ಗಲ್ಲಿ ಅವನು ಹುಟ್ಟಿ ಬೆಳೆದ ಜಾಗ. ಅವನ ಅಕ್ಕ ರಂಭಾಬಾಯಿಯ ಮನೆ ಆ ಗಲ್ಲಿಯ ತೀರಾ ಕೆಳಗಿನ ತುದಿಯಲ್ಲಿತ್ತು. ಹೋದ ಸೆಪ್ಟೆಂಬರಿನಲ್ಲಿ ಮೇಲಿನ ಪೇಟೆಯ ನೀರೆಲ್ಲ ಗಲ್ಲಿಯಲ್ಲಿ ನಿಂತು ಆ ಮನೆಯ ಹಿಂದಿನ ಗೋಡೆ ಬಿದ್ದಿತ್ತು, ಭಾವ ಪಂಡಿತನ ಸೊಂಟದ ಎಲುಬು ಮುರಿದಿತ್ತು. ಈಗ ಉಳಿದ ಗೋಡೆಗಳು ಎರಡು ತೊಲೆಗಳ ಆಸರೆಯಲ್ಲಿ ನಿಂತಿದ್ದವು. ಮೃಗ ಮಳೆ ಹುಟ್ಟಿ ಐದು ದಿನವಾಗಿತ್ತು, ಹವಾಮಾನದವರು ಭಾನುವಾರಕ್ಕೆ ದೊಡ್ಡ ಮಳೆ ಹೇಳಿದ್ದರು. ಶನಿವಾರ ಸಂಜೆಯೊಳಗೆ ಪೈಪು ಕೂಡದಿದ್ದರೆ ರಂಭಾಬಾಯಿಯ ಮನೆ ಈ ಸಲ ಪೂರ್ತಿ ಕೂತುಬಿಡುತ್ತಿತ್ತು.

ಇನ್‌ಸ್ಪೆಕ್ಟರ್ ಪ್ರಾಜಕ್ತಾ ಬಿರಾದಾರ ದೂರಿನ ಕಾಗದ ಎರಡು ಸಲ ಓದಿದರು. ಶಿರೂರ ಅನಂತಪಾಳದ ಒಕ್ಕಲುಮನೆಯ ಮಗಳು. ಕಚೇರಿಯ ಕೆಲಸಕ್ಕೆ ಮರಾಠಿ, ಮನಸ್ಸಿಟ್ಟು ಆಡುವ ಮಾತಿಗೆ ಕನ್ನಡ, ಅದು ಅವರ ಪದ್ಧತಿ. ಸಾರ್ವಜನಿಕ ನೀರಿನ ದಾರಿಗೆ ಅಡ್ಡಿ ಮಾಡಿದ ಗುನ್ಹೆ, ಭಾರತೀಯ ನ್ಯಾಯ ಸಂಹಿತೆಯ ಕಲಂ ಮುನ್ನೂರ ಇಪ್ಪತ್ತಾರು ಎಂದು ಎಫ್‌ಐಆರ್ ಬರೆಸಿದರು. ವೇಳೆ ಹತ್ತೂ ಐವತ್ತು.

“ಅಂಬಣ್ಣಾರ, ನಿಮ್ಮ ಅಕ್ಕನ ಮನಿ ಅದೇ ಗಲ್ಲ್ಯಾಗ ಅದಲ್ಲ?”

“ಅದ ಮ್ಯಾಡಮ್.”

“ಹಂಗಿದ್ರ ತಪಾಸಣಿ ನನ್ನ ಹೆಸರಿಲೆ ಇರಲಿ. ಪಂಚನಾಮಾ ರವಿಕಾಂತ ಬರೀತಾನ. ನೀವು ಬರ್ರಿ, ಮಂದಿ ನಿಮಗ ಮಾತು ಹೇಳ್ತಾರ.”

ಗಲ್ಲಿಯ ಬಾಯಲ್ಲಿ ಒಂದು ಕಲ್ಲಿದೆ. ‘ಶ್ರಮದಾನದಿಂದ ಕಟ್ಟಿದ ಗಟಾರ, ೧೯೯೧. ಮುಖಂಡ: ರೇವಣಪ್ಪ’ ಎಂದು ಅದರ ಮೇಲೆ ಮರಾಠಿಯಲ್ಲಿ ಕೆತ್ತಿದ್ದಾರೆ. ಉದಗೀರದಲ್ಲಿ ಸರಕಾರ ಹಾಕಿದ ಗಟಾರ ಬೇಕಾದಷ್ಟಿವೆ, ಜನ ಹಾಕಿದ್ದು ಇದೊಂದೇ. ನಗರಪರಿಷತ್ತು ಪೈಪು ಕೊಟ್ಟಿತ್ತು, ಉಳಿದದ್ದೆಲ್ಲ ಗಲ್ಲಿಯದು. ಅರವತ್ತನಾಲ್ಕು ಮನೆ, ಮನೆಗೊಂದು ಬಂಡಿ ಮುರುಂ. ಈ ಸೀಮೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ನೇರವಾಗಿ ಪೈಪಿಟ್ಟರೆ ನಾಲ್ಕು ವರ್ಷಕ್ಕೆ ಮುರಿಯುತ್ತದೆ. ಅದಕ್ಕೇ ಪೈಪಿನ ಕೆಳಗೆ ಮುರುಂ ಎನ್ನುವ ಕೆಂಪು ಗರಸನ್ನು ಗೇಣು ದಪ್ಪ ಹಾಸಬೇಕು. ಹದಿನಾಲ್ಕರ ಅಂಬಣ್ಣ ಆ ವರ್ಷ ಬೇಸಿಗೆ ರಜೆಯನ್ನೆಲ್ಲ ಬುಟ್ಟಿ ಹೊತ್ತೇ ಕಳೆದಿದ್ದ. ಪೊಲೀಸ್ ಭರ್ತಿಯಲ್ಲಿ ಎದೆಯ ಅಳತೆ ಹಿಡಿದಾಗಲೂ ಅವನಿಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಭೂಕಂಪದ ವರ್ಷದ ಆಚೆ ಗಲ್ಲಿಯಲ್ಲಿ ನೀರು ನಿಲ್ಲತೊಡಗಿತು. ತೊಂಬತ್ಮೂರರ ಕಿಲ್ಲಾರಿಯ ಆ ಭೂಕಂಪ ಸುತ್ತಲ ಊರುಗಳನ್ನೇ ಕೆಡವಿತ್ತು, ಒಂದು ಗಟಾರ ಯಾವ ಲೆಕ್ಕ? ಭೂಮಿ ಅಲುಗಾಡಿ ಪೈಪು ಒಡೆದಿದೆ ಎಂದು ಎಲ್ಲರೂ ನಂಬಿದರು. ಅಂಬಣ್ಣನೂ ಮೂವತ್ತು ವರ್ಷ ಹಾಗೇ ಹೇಳಿಕೊಂಡು ಬಂದಿದ್ದ.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಸುರುವಾಯಿತು. ಮುಚ್ಚಿದ ಜಾಗ ಸರಿಯಾಗಿ ರೇವಣಪ್ಪನವರ ದೊಡ್ಡ ಬಾಗಿಲಿನ ಮುಂದಿತ್ತು. ಅದರ ಆಚೆಗೂ ಈಚೆಗೂ ತಗ್ಗು ಬಾಯ್ತೆರೆದೇ ಇತ್ತು. ಪ್ರಾಜಕ್ತಾ ಎರಡು ತುದಿಯನ್ನೂ ಅಳೆಸಿದರು, ಫೋಟೊ ತೆಗೆಸಿದರು. ಅಂಬಣ್ಣ ಮನೆ ಮನೆ ಕೇಳುತ್ತ ಹೋದ.

“ಮಂಗಳವಾರ, ಬುಧವಾರ ಇಲ್ಲಿ ಯಾರರೆ ಬಂದಿದ್ರೇನು?”

“ಯಾರೂ ಬಂದಿಲ್ಲ.”

“ಟ್ರಾಕ್ಟರ್? ಹೊರಗಿನ ಆಳು?”

“ಯಾರೂ ಇಲ್ಲಪ್ಪ. ಹುಣ್ಣಿವಿ ಇತ್ತು, ಎತ್ತು ಮೆರಸಿದ್ವಿ, ಹೋಳಿಗಿ ಉಂಡ್ವಿ.”

ಹನ್ನೊಂದು ಮನೆಯಲ್ಲಿ ಅದೇ ಉತ್ತರ. ಸುಳ್ಳು ಹೇಳುವವರ ಕಣ್ಣು ಹೇಗಿರುತ್ತದೆ ಎಂಬುದು ಅಂಬಣ್ಣನಿಗೆ ಗೊತ್ತು, ಇವರ ಕಣ್ಣು ಹಾಗಿರಲಿಲ್ಲ. ಮೂವತ್ತು ಅಡಿ ತಗ್ಗನ್ನು ದೆವ್ವ ಬಂದು ಮುಚ್ಚುವುದಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತ ಅವನು ಆಳುಗಳ ಕಬ್ಬಿಣದ ಹಾರೆ ಎತ್ತಿ, ಮುಚ್ಚಿದ ನೆಲಕ್ಕೆ ಒಂದು ಏಟು ಹಾಕಿದ.

ಹಾರೆ ಬೆರಳುದ್ದ ಹೋಗಿ ನಿಂತಿತು.

ಇನ್ನೊಂದು ಏಟು. ಮತ್ತೆ ಬೆರಳುದ್ದ. ಗುತ್ತೇದಾರರ ಆಳುಗಳು ಮುಚ್ಚಿದ ತಗ್ಗಿನಲ್ಲಿ ಹಾರೆ ಮೊಳ ಉದ್ದ ಇಳಿಯುತ್ತದೆ, ಮೊದಲ ಮಳೆಗೆ ರಸ್ತೆಯೇ ಕುಸಿಯುತ್ತದೆ, ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಅಂಬಣ್ಣ ಮೊಣಕಾಲೂರಿ ಕೂತು ತುದಿಯ ಮಣ್ಣನ್ನು ಕೆತ್ತಿ ನೋಡಿದ. ಪದರು ಪದರಾಗಿತ್ತು. ಒಂದು ಗೇಣಿಗೆ ಒಂದು ಪದರು, ಪ್ರತಿ ಪದರಿಗೂ ನೀರು ಹನಿಸಿ ದಿಮ್ಮಸಿನಿಂದ ಬಡಿದ ಗುರುತು. ಕೆಳಗಿನ ಮಣ್ಣು ಕೆಳಗೇ, ಮೇಲಿನ ಮಣ್ಣು ಮೇಲೇ.

ಗೇಣು ಮಣ್ಣು, ಕೊಡ ನೀರು, ನೂರು ಪೆಟ್ಟು. ಆ ಬೇಸಿಗೆಯಲ್ಲಿ ಯಾರು ಪೆಟ್ಟು ಕಡಿಮೆ ಹಾಕಿದರೂ ಎಣಿಸಿ ಹಿಡಿಯುತ್ತಿದ್ದ ಒಂದು ದನಿ ಅವನ ಕಿವಿಯಲ್ಲಿ ಬಂತು. ಉದಗೀರದಲ್ಲಿ ತಗ್ಗನ್ನು ಹೀಗೆ ಮುಚ್ಚುವವರು ಒಬ್ಬರೇ ಇದ್ದರು. ಅವರ ಹೆಸರು ಗಲ್ಲಿಯ ಬಾಯಲ್ಲಿ ಕಲ್ಲಿನ ಮೇಲಿತ್ತು.

ಅಂಬಣ್ಣ ಹಾರೆ ಕೆಳಗಿಟ್ಟ. ನೀರು ಕುಡಿಯುವ ನೆಪದಲ್ಲಿ ಅಕ್ಕನ ಮನೆಗೆ ಹೋದ. ಹೊರಸಿನ ಮೇಲೆ ಮಲಗಿದ್ದ ಪಂಡಿತ ಕೈಯೆತ್ತಿದ. ರಂಭಾಬಾಯಿ ತಂಬಿಗೆ ತಂದಿಟ್ಟು ಗೋಡೆಯ ತೊಲೆಯನ್ನು ಒತ್ತಿ ನೋಡಿದಳು. ದಿನಕ್ಕೆ ಹತ್ತು ಸಲ ಹೀಗೆ ಒತ್ತಿ ನೋಡುವುದು ಅವಳಿಗೆ ರೂಢಿಯಾಗಿತ್ತು. ಸಾಗವಾನಿಯ ಆ ಎರಡು ತೊಲೆಗಳನ್ನು ಗೋಡೆ ಬಿದ್ದ ಮರುದಿನವೇ ತಂದು ನಿಲ್ಲಿಸಿದವರು ರೇವಣಪ್ಪ ಕಾಕಾ. ಯಾರೂ ಕೇಳಿರಲಿಲ್ಲ.

“ಪೈಪು ಐತವಾರದೊಳಗ ಕೂಡ್ತಾವೇನೋ ತಮ್ಮಾ?”

“ನೋಡೂಣಕ್ಕ.”

“ನೋಡೂಣ ಅಂದ್ರ ನನ್ನ ಗ್ವಾಡಿ ಕೇಳಂಗಿಲ್ಲ.”

ಅವನಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟವೇನೂ ಇರಲಿಲ್ಲ. ಮಣ್ಣಿನ ಪದರು ಓದಬಲ್ಲವರು ಠಾಣೆಯಲ್ಲಿ ಇನ್ನಾರೂ ಇರಲಿಲ್ಲ, ‘ಅಜ್ಞಾತ ಆರೋಪಿ’ ಎಂದು ಬರೆದು ಕಡತ ಮುಚ್ಚಬಹುದಿತ್ತು. ಕಾಕಾ ಅವನಿಗೆ ಕೆಲಸ ಅಂದರೆ ಏನು ಎಂದು ಕಲಿಸಿದ ಮನುಷ್ಯ. ಆದರೆ ತಗ್ಗು ಇನ್ನೊಂದು ಸಲ ಮುಚ್ಚಲ್ಪಟ್ಟರೆ ಈ ತೊಲೆಗಳು ಏನು ತಡೆಯುತ್ತವೆ? ನೀರು ಕುಡಿದು ಮುಗಿಯುವಷ್ಟರಲ್ಲಿ ಅವನು ನಿರ್ಧಾರ ಮಾಡಿದ್ದ. ಸೀದಾ ಹೋಗಿ ಪ್ರಾಜಕ್ತಾ ಅವರಿಗೆ ಪದರುಗಳನ್ನು ತೋರಿಸಿ, ಅದು ಯಾರ ಕೈ ಎಂದು ಹೇಳಿದ. ಅವರು ಮಣ್ಣನ್ನು ಬೆರಳಿನಿಂದ ಉಜ್ಜಿ ನೋಡಿದರು.

“ನೀವು ಹೇಳದಿದ್ರ ನನಗ ಗೊತ್ತಾಗ್ತಿದ್ದಿಲ್ಲ.”

“ಹೌದ್ರಿ.”

“ಹೇಳಿದ್ರಿ. ಇದನ್ನ ನಾ ಮರಿಯಂಗಿಲ್ಲ. ಈಗ ಕಂಡವರು ಬೇಕು. ಬರೇ ಕೈಗುಣ ಕೋರ್ಟಿನ್ಯಾಗ ನಡ್ಯಂಗಿಲ್ಲ.”

ಅಂಬಣ್ಣ ಗಲ್ಲಿಯ ಜಂಗಮರಾದ ಶಂಕರಯ್ಯನವರ ಮನೆಗೆ ಹೋದ. ಮನೆಮನೆಯ ಲಗ್ನ, ಲಿಂಗಧಾರಣೆ, ಸತ್ತವರ ಮಣ್ಣು ಎಲ್ಲಕ್ಕೂ ಅವರೇ. ಹುಣ್ಣಿಮೆಯ ದಿನ ಎತ್ತುಗಳಿಗೆ ವಿಭೂತಿ ಹಚ್ಚುತ್ತ ಹಗಲಿಡೀ ಗಲ್ಲಿಯಲ್ಲೇ ಓಡಾಡಿದವರು. ಬೆಳಿಗ್ಗೆ ಅವರೂ ಯಾರೂ ಬಂದಿಲ್ಲ ಎಂದೇ ಹೇಳಿದ್ದರು.

“ಸ್ವಾಮ್ಯಾರ, ಬಂದವರನ್ನ ಕೇಳಲ್ಲ. ಆ ಎರಡು ದಿನ ತಗ್ಗಿನ ಹತ್ರ ಇದ್ದವರು ಯಾರು?”

“ಇದ್ದವರು ಅಂದ್ರ? ನಾವೇ ಎಲ್ಲಾರೂ.”

“ದಿಮ್ಮಸು ಹಿಡಿದಿದ್ದವರು?”

ಶಂಕರಯ್ಯನವರು ಹುಬ್ಬು ಗಂಟಿಕ್ಕಿದರು. ಪ್ರಶ್ನೆ ತೀರಾ ಸಣ್ಣದು ಎಂಬಂತೆ ಉತ್ತರಿಸಿದರು. “ಕಾಕಾ ತನ್ನ ಹೊಲದ ಮೂರು ಆಳು ಹಚ್ಚಿ ಬಡಿಸ್ಲತ್ತಿದ್ದ. ಎತ್ತು ಕಾಲು ಜಾರಿ ಬೀಳಬಾರದು ಅಂತ. ಅದನ್ನೇನು ಕೇಳ್ತೀ? ಗಟಾರದ ಹತ್ರ ಅಂವಾ ಇಲ್ಲದ ದಿನ ಯಾವುದದ?”

ನಿಜವೇ. ಆ ಗಲ್ಲಿಯವರಿಗೆ ರೇವಣಪ್ಪ ಕಾಕಾ ‘ಯಾರೋ’ ಅಲ್ಲ. ಮುಖ ತೊಳೆಯುವಾಗ ಕಾಣುವ ತಮ್ಮದೇ ಕೈಯನ್ನು ಯಾರಾದರೂ ಎಣಿಸುತ್ತಾರೆಯೇ? ಮಧ್ಯಾಹ್ನ ಎರಡೂ ಹತ್ತಕ್ಕೆ ಶಂಕರಯ್ಯನವರ ಹೇಳಿಕೆ ಬರೆಯಲಾಯಿತು. ಸಂಜೆಯೊಳಗೆ ಮೂವರು ಆಳುಗಳ ಹೇಳಿಕೆಯೂ ಆಯಿತು, ಮೂರೂ ಒಂದಕ್ಕೊಂದು ಕೂಡಿ ಬಂದವು. ಗೂಟ ಕಿತ್ತದ್ದು ಯಾರೆಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಹದಿಮೂರು, ಶುಕ್ರವಾರ, ಬೆಳಿಗ್ಗೆ ಎಂಟೂವರೆ. ರೇವಣಪ್ಪ ತಮ್ಮ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಎಪ್ಪತ್ತೈದು ದಾಟಿದ ದೇಹ, ಬೆನ್ನು ಇನ್ನೂ ನೆಟ್ಟಗೆ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಗಲ್ಲಿಯಲ್ಲೇ ದೊಡ್ಡ ಅಂಗಳ ಅದು. ಎಷ್ಟು ಮಳೆ ಬಿದ್ದರೂ ಕೆಸರಾಗದ ಗಟ್ಟಿ ಕೆಂಪು ನೆಲ. ಮೂವತ್ತು ವರ್ಷದಿಂದ ಗಲ್ಲಿಯ ಅರ್ಧ ಲಗ್ನಗಳು ಅಲ್ಲೇ ಆಗಿದ್ದವು. ಅಂಬಣ್ಣನ ಲಗ್ನವೂ ಅಲ್ಲೇ ಆಗಿತ್ತು.

“ಬಾ ಅಂಬ್ಯಾ. ಮ್ಯಾಡಮ್, ಕೂಡ್ರಿ. ಚಹಾ ತರಿಸ್ತೀನಿ.”

“ಚಹಾ ಆಮ್ಯಾಲ ಕಾಕಾ,” ಎಂದರು ಪ್ರಾಜಕ್ತಾ. “ತಗ್ಗು ನೀವೇ ಮುಚ್ಚಿಸಿದ್ರೇನು?”

“ಮುಚ್ಚಿಸಿದೆ. ಎತ್ತಿನ ಹಬ್ಬ ಇತ್ತು.”

“ಇಂಜಿನಿಯರ್ ಬಾಯಿಗೆ ಹೇಳಿದ್ರೇನು?”

“ಆಕಿ ನನ್ನ ಮಾತು ಕೇಳಂಗಿಲ್ಲ. ಲೈನು ಆ ಬಾಜುದಿಂದ ಒಯ್ಯಿ ಅಂದೆ, ನಕ್ಕೊಂತ ಹೋದಳು.”

“ಗೂಟ ಕಿತ್ತಿದ್ದು?”

ಮುದುಕರು ಮುಖ ಆಚೆ ತಿರುಗಿಸಿದರು. ಪ್ರಾಜಕ್ತಾ ಅಂಬಣ್ಣನ ಕಡೆ ನೋಡಿದರು. ಮುಂದಿನ ಪ್ರಶ್ನೆ ಅವನೇ ಕೇಳಬೇಕಿತ್ತು.

“ಕಾಕಾ, ಎತ್ತು ನಿಮ್ಮ ಬಾಗಲ ಮುಂದ ಅಷ್ಟೇ ಹೋಗ್ಲಿಲ್ಲ. ಮ್ಯಾಲಿನ ತುದಿಯಿಂದ ಕೆಳಗಿನ ತುದಿತನಾ ಹೋದವು. ಅಲ್ಲೆಲ್ಲ ತಗ್ಗು ತೆರದೇ ಅದ.”

“ನನ್ನ ಬಾಗಲು ನಾ ನೋಡ್ಕೊಂಡೆ.”

“ಒಂದು ದಿನದ ಎತ್ತಿಗೆ ಮ್ಯಾಲ ಹಲಗಿ ಹಾಕಿದ್ರ ಸಾಕಿತ್ತು. ನೀವು ಗೇಣಿಗೊಂದು ಪದರು ಹಾಕೀರಿ. ನೂರು ನೂರು ಪೆಟ್ಟು ಬಡಿಸೀರಿ. ಇದನ್ನ ಮತ್ತ ಅಗೀಬಾರದು ಅನ್ನೋವರು ಬಡಿಯೂ ಬಡಿತ ಇದು.”

ರೇವಣಪ್ಪ ಅವನ ಕಡೆ ತಿರುಗಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿನ ಬದಲು ಒಂದು ಗಳಿಗೆ ಸಂತೋಷದಂಥದ್ದೇನೋ ಕಂಡಿತು ಎಂದು ಅಂಬಣ್ಣ ಆಮೇಲೆ ಹೇಳುತ್ತಿದ್ದ.

“ನೀ ಮರ್ತಿಲ್ಲ,” ಎಂದರು. “ಸುಮ್ಮ ಮಣ್ಣು ಚೆಲ್ಲು ಅನ್ನಲಿಕ್ಕ ನನಗ ಬಾಯಿ ಬರಲಿಲ್ಲೋ. ಕೆಲಸ ಅಂದಮ್ಯಾಲ ಕೆಲಸ.” ಅಷ್ಟು ಹೇಳಿ ಎದ್ದು ಒಳಗೆ ಹೋದರು.

ಪ್ರಾಜಕ್ತಾ ಹೊರಗೆ ಬಂದರು. “ಯಾಕ ಮುಚ್ಯಾರ ಅನ್ನೋದು ನೆಲದಾಗೇ ಅದ. ಅಗಸ್ರಿ.”

ಹನ್ನೊಂದು ಗಂಟೆಗೆ ಎರಡನೇ ಪಂಚನಾಮೆ. ಪಂಚರು ಶಂಕರಯ್ಯನವರು ಮತ್ತು ಶಾಲೆಯ ಗುಮಾಸ್ತ ಸಂಜುಕುಮಾರ. ಸ್ವಪ್ನಾಲಿ ಅಳತೆಯ ಪಟ್ಟಿ ಹಿಡಿದು ನಿಂತಳು. ಮೊದಲು ತೆರೆದ ತಗ್ಗಿನಲ್ಲಿ, ಮೇಲ್ಗಡೆಗೆ, ಒಂದು ಕಡೆ ಅಗೆಸಿದರು. ಆರು ಅಡಿಗೆ ಹಳೇ ಪೈಪು ಸಿಕ್ಕಿತು. ಅದರ ಕೆಳಗೆ ಕೆಂಪು ಮುರುಂ, ಗೇಣು ದಪ್ಪ, ಹಾಸಿದ ದಿನ ಇದ್ದ ಹಾಗೇ ಇತ್ತು. ನೋಡುತ್ತಿದ್ದ ಗಲ್ಲಿಯವರು ಹೆಮ್ಮೆಯಿಂದ ಒಬ್ಬರಿಗೊಬ್ಬರು ತೋರಿಸಿದರು. ಇದು ನಮ್ಮ ಮನೆಯ ಬಂಡಿ ಇರಬೇಕು ಎಂದು ಒಂದು ಮುದುಕಿ ಹೇಳಿದಳು. ಸ್ವಪ್ನಾಲಿಗೂ ಖುಷಿಯಾಯಿತು, ಮೂವತ್ನಾಲ್ಕು ವರ್ಷಕ್ಕೆ ಕೂದಲೆಳೆಯಷ್ಟೂ ಕದಲಿಲ್ಲ, ಭೂಕಂಪ ಇದನ್ನು ಮುಟ್ಟಿಯೇ ಇಲ್ಲ ಎಂದಳು. ಆ ಮಾತು ಕೇಳಿ ಅಂಬಣ್ಣ ಪೈಪಿನ ಕಡೆ ಬಗ್ಗಿ ಮತ್ತೊಮ್ಮೆ ನೋಡಿದ. ಭೂಕಂಪ ಮುಟ್ಟಿಲ್ಲ ಎಂದರೆ ನೀರು ನಿಂತದ್ದು ಏಕೆ?

ರೇವಣಪ್ಪನವರ ಬಾಗಿಲ ಮುಂದಿನ ಅಗೆತಕ್ಕೆ ಎರಡೂವರೆ ತಾಸು ಹಿಡಿಯಿತು. ಬಡಿತ ಅಷ್ಟು ಗಟ್ಟಿಯಾಗಿತ್ತು. ಐದು ಅಡಿಗೇ ಪಿಕಾಸಿ ಪೈಪಿಗೆ ತಗುಲಿತು. ಇರಬೇಕಾದ್ದಕ್ಕಿಂತ ಒಂದು ಅಡಿ ಮೇಲೆ. ಪೈಪು ನಡುವೆ ಎತ್ತಿಕೊಂಡು ಎರಡು ಕಡೆ ಬಾಯಿಬಿಟ್ಟಿತ್ತು, ಒಳಗೆ ಬೇವಿನ ಬೇರುಗಳು ಹೆಣೆದುಕೊಂಡಿದ್ದವು. ರವಿಕಾಂತ ಅದರ ಕೆಳಗೆ ಕೈ ಹಾಕಿ ಒಂದು ಹಿಡಿ ಮಣ್ಣು ತೆಗೆದು ಪಂಚರ ಮುಂದೆ ಹಿಡಿದ.

ಕಪ್ಪು. ಬರೀ ಎರೆಮಣ್ಣು. ಮೂವತ್ತು ಅಡಿಯಲ್ಲಿ ಒಂದು ಬೊಗಸೆ ಮುರುಂ ಇರಲಿಲ್ಲ.

ಗಲ್ಲಿಯವರೆಲ್ಲ ದೊಡ್ಡ ಬಾಗಿಲಿನ ಕಡೆ ತಿರುಗಿದರು. ರೇವಣಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ಪ್ರಾಜಕ್ತಾ ಅವರ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು.

“ಇಲ್ಲಿಯ ಮುರುಂ ಎಲ್ಲಿ ಹೋಯ್ತು ಕಾಕಾ?”

“ಎಲ್ಲಿಗೂ ಹೋಗಿಲ್ಲ,” ಎಂದರು ರೇವಣಪ್ಪ. “ನಾ ಅದರ ಮ್ಯಾಲೇ ನಿಂತೀನಿ.”

ಆಮೇಲೆ ಅವರು ನಿಂತಲ್ಲೇ ಎಲ್ಲ ಹೇಳಿದರು. ಗಟಾರ ಹಾಕಿದ ವರ್ಷದ ಜೂನಿನಲ್ಲಿ ಮಗಳ ಲಗ್ನ. ನಿಲಂಗಾದ ದೊಡ್ಡ ಮನೆತನದ ಬೀಗರು. ನಾಲ್ಕು ದಿನ ಮೊದಲೇ ಮಳೆ ಹೊಡೆದು ಅಂಗಳವೆಲ್ಲ ಮೊಣಕಾಲು ಕೆಸರಾಯಿತು. ದಿಬ್ಬಣದವರು ಕೆಸರಿನಲ್ಲಿ ಕಾಲಿಟ್ಟರೆ ತಲೆ ಎತ್ತಿ ನಡೆಯುವುದು ಹೇಗೆ? ಗಟಾರಕ್ಕೆಂದು ಬಾಗಿಲಲ್ಲಿ ಇಳಿಸಿದ್ದ ಕೊನೆಯ ಎಂಟು ಬಂಡಿ ಮುರುಮನ್ನು ಅಂಗಳಕ್ಕೆ ಹರವಿಸಿದರು. ಲಗ್ನ ಮುಗಿದ ಮೇಲೆ ದೇವಣಿ ರಸ್ತೆಯ ಖಣಿಯಿಂದ ಎಂಟು ಬಂಡಿ ತರಿಸಿ ಹಾಕುವುದು ಎಂದುಕೊಂಡರು. ಆದರೆ ಮಳೆ ಬಿಡಲಿಲ್ಲ, ತಗ್ಗು ಕುಸಿಯತೊಡಗಿತು, ಮಂದಿ ಅವಸರ ಮಾಡಿದರು. ಒಂದು ಮಧ್ಯಾಹ್ನ ಎಲ್ಲರೂ ಉಣ್ಣಲು ಹೋದಾಗ ಆ ಮೂವತ್ತು ಅಡಿಯ ಪೈಪನ್ನು ತಾವೇ ನಿಂತು ಎರೆಮಣ್ಣಿನ ಮೇಲೆ ಇಳಿಸಿದರು.

“ಮುಂದ ಭೂಕಂಪ ಬಂತು. ಭೂಕಂಪ ಒಡದದ ಅಂತ ಮಂದೀನೇ ಅಂದ್ರು. ನಾ ಹೂಂ ಅಂದೆ. ಒಮ್ಮೆ ಹೂಂ ಅಂದಮ್ಯಾಲ ಮತ್ತ ಹ್ಯಾಂಗ ಹಿಂದ ತಗೋಬೇಕು? ಕಲ್ಲು ನಿಂದ್ರಿಸಿದ್ರು, ಹೆಸರು ಬರಸಿದ್ರು. ಈಗ ಮಳಿ ಹತ್ತಿದ್ರ ಕೆಲಸ ದೀಪಾವಳಿತನಾ ನಿಂದರ್ತದ. ಅಷ್ಟರಾಗ ನಾ ಇರ್ತೀನೋ ಇಲ್ಲೋ. ಸತ್ತ ಮ್ಯಾಲ ಏನು ಕಂಡ್ರೇನು ಅಂತ ಮುಚ್ಚಿಸಿದೆ.”

“ಮತ್ತ ನನ್ನ ಮನಿ?”

ಮಂದಿಯ ನಡುವಿಂದ ರಂಭಾಬಾಯಿ ಕೇಳಿದಳು. ದನಿ ಏರಿಸಲಿಲ್ಲ.

“ಹೋದ ಸಲ ಗ್ವಾಡಿ ಬಿತ್ತು. ಈ ಸಲ ಮನಿ ಬೀಳ್ತಿತ್ತು. ಅದು ಗೊತ್ತಿತ್ತಲ್ಲ ನಿಮಗ?”

“ತೊಲಿ ಕೊಟ್ಟಿದ್ದೆನವ್ವ,” ಎಂದರು ರೇವಣಪ್ಪ. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದೆಂದು ಅವರಿಗೇ ಕೇಳಿಸಿರಬೇಕು. ತಲೆ ತಗ್ಗಿಸಿದರು. ಆ ತಲೆ ತಗ್ಗಿದ್ದನ್ನು ಗಲ್ಲಿ ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಬಂಧನ ಪಂಚನಾಮೆ ಬರೆಯಲಾಯಿತು. ದಿಮ್ಮಸು, ಕಿತ್ತ ಏಳು ಗೂಟಗಳು ಮುದ್ದೆಮಾಲು. ಗೂಟಗಳು ರೇವಣಪ್ಪನವರ ದನದ ಕೊಟ್ಟಿಗೆಯಲ್ಲಿ ಹಗ್ಗ ಕಟ್ಟಿ, ಒರೆಸಿ, ಸಾಲಾಗಿ ಇಟ್ಟದ್ದು ಸಿಕ್ಕವು. ಅವನ್ನೂ ಎಸೆಯಲು ಆ ಕೈಗೆ ಬಂದಿರಲಿಲ್ಲ.

ಸ್ವಪ್ನಾಲಿ ಒಂದು ಕಡೆ ನಿಂತು ಫೋನಿನಲ್ಲಿ ಜಗಳಾಡುತ್ತಿದ್ದಳು. ಮುರುಮಿನ ಲಾರಿ ಸೋಮವಾರದ ಮೊದಲು ಬರುವುದಿಲ್ಲವಂತೆ. ಮುರುಂ ಇಲ್ಲದೆ ಪೈಪು ಇಳಿಸಲು ಅವಳು ಒಪ್ಪುವುದಿಲ್ಲ, ಆ ತಪ್ಪು ಒಮ್ಮೆ ಆದದ್ದೇ ಸಾಕು. ಅಂಬಣ್ಣ ಅದನ್ನು ಕನ್ನಡದಲ್ಲಿ ಅಕ್ಕನಿಗೆ ಹೇಳಿದ.

ರಂಭಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಿಕಾಸಿ ಎತ್ತಿಕೊಂಡಳು. “ಸೋಮವಾರ ಯಾಕ? ಇಲ್ಲೇ ಅದಲ್ಲ. ಎಂಟು ಬಂಡಿ. ಒಂದು ಬುಟ್ಟೀನೂ ಕಡಿಮಿ ಆಗಬಾರದು.” ರೇವಣಪ್ಪನವರನ್ನು ದಾಟಿ ಅಂಗಳಕ್ಕೆ ಹೋಗಿ ಮೊದಲ ಏಟು ಹಾಕಿದಳು.

ಸ್ವಪ್ನಾಲಿ ಒಂದು ಹಿಡಿ ತೆಗೆದು ಉಜ್ಜಿ, ನೀರು ಹಾಕಿ ನೋಡಿದಳು. ಮಾಲು ಚಲೋ ಇತ್ತು, ತಲೆಯಾಡಿಸಿದಳು. ಸಾಕ್ಷಿಯ ಮಾಲನ್ನು ಹೀಗೆ ತೆಗೆಯಬಹುದೇ ಎಂದು ರವಿಕಾಂತ ಕೇಳಿದ.

“ಒಂದು ಚೀಲ ತುಂಬಿ ಸೀಲು ಹಾಕು,” ಎಂದರು ಪ್ರಾಜಕ್ತಾ. “ಫೋಟೊ ತೆಗಿ. ಉಳಿದದ್ದು ಗಲ್ಲೀದು.”

ಜಾಮೀನು ಸಿಗುವ ಗುನ್ಹೆ. ಶಂಕರಯ್ಯನವರು ಜಾಮೀನು ನಿಂತರು, ಸಂಜೆ ಏಳಕ್ಕೆ ರೇವಣಪ್ಪ ಮನೆಗೆ ಹೋದರು. ಅಷ್ಟರಲ್ಲಿ ಅವರ ಅರ್ಧ ಅಂಗಳ ಖಾಲಿಯಾಗಿತ್ತು.

ಹದಿನಾಲ್ಕು, ಶನಿವಾರ. ಅಂಬಣ್ಣ ಒಂದು ದಿನದ ರಜೆ ಹಾಕಿದ. ಗುತ್ತೇದಾರರ ಆರು ಆಳುಗಳ ಜೊತೆ ಗಲ್ಲಿಯ ಅರವತ್ತು ಮಂದಿ ತಗ್ಗಿಗೆ ಇಳಿದರು. ಮನೆಗೊಬ್ಬರು ಎಂದು ಯಾರೂ ಹೇಳಿರಲಿಲ್ಲ, ಎಣಿಸಿದರೆ ಸರಿಸುಮಾರು ಹಾಗೇ ಇತ್ತು. ದಿಮ್ಮಸು ಠಾಣೆಯಲ್ಲಿ ಸೀಲಾಗಿ ಕೂತಿದ್ದರಿಂದ ಅಂಬಣ್ಣ ಇನ್ನೊಂದನ್ನು ಬೇಡಿ ತಂದ. ಗೇಣು ಮುರುಂ, ಕೊಡ ನೀರು, ನೂರು ಪೆಟ್ಟು. ಎಪ್ಪತ್ತಕ್ಕೇ ಕೈ ಬಿಟ್ಟ ರವಿಕಾಂತನನ್ನು ಸ್ವಪ್ನಾಲಿ ತಡೆದು, ತಾನು ಕಲಿತ ಮೊದಲ ಕನ್ನಡದಲ್ಲಿ, “ಇನ್ನಾ ಮೂವತ್ತು” ಎಂದಳು. ಗಲ್ಲಿಯೆಲ್ಲ ನಕ್ಕಿತು. ಮಟ್ಟದ ಪಟ್ಟಿಯಲ್ಲಿ ಗುಳ್ಳೆ ಗೆರೆ ತಪ್ಪಲಿಲ್ಲ. ಐದೂ ನಲವತ್ತಕ್ಕೆ ಕೊನೆಯ ಪೈಪು ಕೂಡಿತು. ಹದಿನಾಲ್ಕನೇ ವಯಸ್ಸಿನಲ್ಲಿ ಹೊತ್ತ ಬುಟ್ಟಿಯ ಹೆಮ್ಮೆ ಹೋಗಿಬಿಟ್ಟಿತೆಂದು ಶುಕ್ರವಾರ ಅಂದುಕೊಂಡಿದ್ದ ಅಂಬಣ್ಣನಿಗೆ ಅದು ಎಲ್ಲೂ ಹೋಗಿಲ್ಲವೆಂದು ಅಂಗೈಯ ಬೊಕ್ಕೆಗಳೇ ಹೇಳಿದವು.

ಭಾನುವಾರ ಮಧ್ಯಾಹ್ನ ಠಾಣೆಯಲ್ಲಿ ಕೇಸ್ ಡೈರಿ ಬರೆಯುವಾಗ ಪ್ರಾಜಕ್ತಾ ಕೇಳಿದರು. “ಗುನ್ಹೆಯ ಕಾರಣ ಅನ್ನೋ ಕಡೆ ಏನು ಬರೀಲಿ ಅಂಬಣ್ಣಾರ? ದ್ವೇಷ ಇಲ್ಲ, ಲೋಭ ಇಲ್ಲ.”

ಅಂಬಣ್ಣ ಯೋಚಿಸಿದ. “ಒಂದು ಸಲ ತಲಿ ತಗ್ಗಸ್ಬೇಕಿತ್ತು ಮ್ಯಾಡಮ್. ಅದಾಗಲಿಲ್ಲ, ಅದಕ್ಕ ಮೂವತ್ನಾಲ್ಕು ವರ್ಷ ಮುಚ್ಚಿಕೊಂಡೇ ಬಂದ್ರು.” ಅವರು ಹಾಗೇ ಬರೆದರು, ಮರಾಠಿಯಲ್ಲಿ, ಒಂದೇ ಸಾಲು.

ನಾಲ್ಕೂ ಹತ್ತಕ್ಕೆ ಮಳೆ ಸುರುವಾಯಿತು. ಅಂಬಣ್ಣ ರೇನ್‌ಕೋಟು ಹಾಕಿಕೊಂಡು ಗಲ್ಲಿಗೆ ಓಡಿದ. ಮೇಲಿನ ಪೇಟೆಯ ನೀರು ಕೆಂಪಗೆ ನುಗ್ಗಿ ಬಂದು ಜಾಲರಿಯ ಬಾಯಿಗೆ ಬಿದ್ದು ಒಳಗೆ ಹೋಯಿತು. ಮನೆಮನೆಯ ಬಾಗಿಲಲ್ಲಿ ಮಂದಿ ನಿಂತು ನೋಡುತ್ತಿದ್ದರು. ಅರ್ಧ ತಾಸಾಯಿತು, ಒಂದು ತಾಸಾಯಿತು, ಗಲ್ಲಿಯ ನೆಲ ಒದ್ದೆಯಾಗಿತ್ತೇ ಹೊರತು ನೀರು ನಿಲ್ಲಲಿಲ್ಲ.

ರೇವಣಪ್ಪನವರ ದೊಡ್ಡ ಬಾಗಿಲು ತೆರೆಯಿತು. ಮುರುಂ ಹೋದ ಅಂಗಳ ಕರೀ ಕೆಸರಾಗಿತ್ತು. ಅವರು ಬರಿಗಾಲಲ್ಲಿ, ಧೋತರ ಎತ್ತಿ ಹಿಡಿದು, ಒಂದೊಂದೇ ಕಾಲು ಕಿತ್ತುಕೊಳ್ಳುತ್ತ ಆ ಕೆಸರಿನಲ್ಲಿ ನಡೆದು ಬಂದರು. ಗಲ್ಲಿಗೆ ಬರುವ ಹೊತ್ತಿಗೆ ಮೊಣಕಾಲಿನವರೆಗೂ ಮೆತ್ತಿತ್ತು. ಯಾರನ್ನೂ ನೋಡದೆ ಇಳಿಜಾರಿನಲ್ಲಿ ಕೊನೆಯವರೆಗೂ ಹೋಗಿ, ರಂಭಾಬಾಯಿಯ ಮನೆಯ ಗೋಡೆಯ ಬುಡವನ್ನು ಬಗ್ಗಿ ನೋಡಿದರು. ಹರಿದ ನೀರು ಅಲ್ಲಿಗೆ ಮುಟ್ಟಿರಲಿಲ್ಲ.

“ಹೋಗ್ಲತ್ತದೇನೋ ಅಂಬ್ಯಾ?”

“ಹೋಗ್ಲತ್ತದ ಕಾಕಾ.”

ಅವರು ತಿರುಗಿ ಹೊರಟರು. ಅಷ್ಟರಲ್ಲಿ ರಂಭಾಬಾಯಿ ಒಳಗಿನಿಂದ ಒಂದು ಕೊಡ ನೀರು ತಂದು ಹೊಸ್ತಿಲ ಹೊರಗೆ ಇಟ್ಟಳು. ಮುಖದಲ್ಲಿ ನಗುವಿರಲಿಲ್ಲ.

“ಕೋರ್ಟಿನ್ಯಾಗ ನಾ ಬಂದು ಸಾಕ್ಷಿ ಹೇಳಾಕಿನೇ ಕಾಕಾ, ಒಂದು ಮಾತೂ ಬಿಡಂಗಿಲ್ಲ,” ಎಂದಳು. “ಈಗ ಕಾಲು ತೊಳಕೊಂಡು ಒಳಗ ಬರ್ರಿ.”